ಕುಂಚ ಕೊಟ್ಟವಳ ಹೆಸರು

ಫೆಬ್ರವರಿ ೩೦, ೨೧೩೧

ವಸ್ತುಸಂಗ್ರಹಾಲಯದ ಸಂಶೋಧಕರಿಗೆ, ನಿಮ್ಮ ಕೋಣೆಯಲ್ಲೇ ನೂರು ವರ್ಷದ ನಂತರ ಕೂರುವ ಮಂದಾರಳ ನಮಸ್ಕಾರ. ತಾರೀಖು ನೋಡಿ ನಗಬೇಡಿ, ನಮ್ಮ ತಿಂಗಳುಗಳೆಲ್ಲ ಮೂವತ್ತು ದಿನದವು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮೆಯಿರಲಿ.

ನಮ್ಮನ್ನು ಈಗ ಯಾರೂ ಸಂಶೋಧಕರೆನ್ನುವುದಿಲ್ಲ, 'ಕೇಳುಗರು' ಎನ್ನುತ್ತಾರೆ. ನೀವು ವಸ್ತುವನ್ನು ನೋಡಿ ಬರೆಯುತ್ತೀರಿ. ನಾವು ಅದನ್ನು ಬಳಸಿದ ಮನೆಯವರನ್ನು ಕರೆಸಿ, ಕಾಫಿ ಕೊಟ್ಟು, ಅವರು ಹೇಳಿದ್ದನ್ನು ಬರೆದುಕೊಳ್ಳುತ್ತೇವೆ. ಅರ್ಧ ದಿನ ಬಾಯಿ ಮುಚ್ಚಿಕೊಂಡಿರುವುದೇ ಕೆಲಸ. ವಾರಕ್ಕೊಮ್ಮೆ 'ಮನೆದಾರಿ' ಇರುತ್ತದೆ, ಅಂದರೆ ವಸ್ತುವನ್ನು ಕೊಟ್ಟವರ ವಂಶಕ್ಕೆ ಮರಳಿಸುವ ದಿನ. ವಸ್ತುವಿನ ವಿವರದ ಕಾರ್ಡಿನಲ್ಲಿ ಕೊಟ್ಟವರ ಹೆಸರಿದ್ದರೆ ಮಾತ್ರ. ಸುಳ್ಳು ಹಕ್ಕು ಹೇಳುವವರು ಹೆಚ್ಚಾದಾಗ ಈ ಕಟ್ಟಳೆ ಮಾಡಿದವರಲ್ಲಿ ನಾನೂ ಒಬ್ಬಳು.

ನೀವು ಇನ್ನೂ ಬರೆಯದ ಒಂದು ಕಾರ್ಡು ನನ್ನ ಮುಂದಿದೆ: "ಚಾಮರ. ಪೂಜಾ ಸಾಮಗ್ರಿ. ಕೊಟ್ಟವರು: ಗ್ರಾಮೀಣ ಮಹಿಳೆ." ಏನೆಂದು ತಿಳಿಯದಿದ್ದರೆ ಪೂಜೆಗೆ ಸೇರಿಸಿಬಿಡುವುದು ನಮ್ಮ ಕಸುಬಿನ ಹಳೇ ಚಾಳಿ, ನಾನೂ ಮಾಡಿದ್ದೇನೆ. ನೂರು ವರ್ಷ ಜನ ಅದಕ್ಕೆ ಕೈಮುಗಿದರು. ಹೋದ ತಿಂಗಳು ಚಳ್ಳಕೆರೆ ಕಡೆಯ ದುರುಗಮ್ಮ ಬಂದಳು. ಎಂಬತ್ತರ ಮುದುಕಿ, ಕಂಬಳಿ ನೇಯುವ ಮನೆಯವಳು. ಗಾಜಿನ ಮುಂದೆ ನಿಂತು ಗೊಳ್ಳೆಂದು ನಕ್ಕಳು. "ಅಯ್ಯೋ ನಿಮ್ಮ! ಇದು ನೂಲಿಗೆ ಹುಣಸೆಬೀಜದ ಗಂಜಿ ಬಳಿಯೋ ಕುಂಚ ಕಣವ್ವ! ನಮ್ಮಜ್ಜಿದು!" ಹಿಡಿಯ ಮೇಲಿನ ಮೂರು ಕಚ್ಚು ಅವರ ಮನೆಯ ಗುರುತಂತೆ. ಆಮೇಲೆ ಅತ್ತಳು. ಅಂಥ ಕುಂಚ ಕಟ್ಟಲು ಈಗ ಯಾರಿಗೂ ಬರುವುದಿಲ್ಲ. ಬಿಚ್ಚಿ ನೋಡಿ, ಕಲಿತು, ಮೊಮ್ಮಗಳಿಗೆ ಹೇಳಿಕೊಡಬೇಕೆಂದಳು, ತನ್ನ ಕಣ್ಣು ಪೂರ್ತಿ ಮಂಜಾಗುವ ಮೊದಲು.

ಸಂಗ್ರಹದಲ್ಲಿರುವ ವಸ್ತುವನ್ನು ಬಿಚ್ಚುವಂತಿಲ್ಲ. ಮನೆಗೆ ಕಳಿಸೋಣವೆಂದರೆ ಕಾರ್ಡಿನಲ್ಲಿ ಹೆಸರಿಲ್ಲ. ನಾನು ಆಗುವುದಿಲ್ಲ ಎಂದೆ. ಆಕೆ ಜಗಳವಾಡಲಿಲ್ಲ. "ಹೆಸರು ಕೇಳಾಕೆ ಎಷ್ಟೊತ್ತು ಬೇಕಿತ್ತವ್ವ?" ಎಂದಷ್ಟೇ ಕೇಳಿ ಬಸ್ಸು ಹತ್ತಿದಳು. ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ, ಅಷ್ಟು ನಾಚಿಕೆಯಾಗಿದೆ.

ಆ ಕಾರ್ಡಿನ ತಾರೀಖು ನಿಮಗೆ ಬರುವ ಸೋಮವಾರದ್ದು. ದುರುಗಮ್ಮನ ಅಜ್ಜಿ ತನ್ನ ಮನೆಯವರಿಗೆ ಹೇಳುತ್ತಿದ್ದ ಪ್ರಕಾರ, ಅವಳು ಕುಂಚ ಕೊಡಲು ಬಂದಾಗ ನೀವು ಅವಸರದಲ್ಲಿರುತ್ತೀರಿ. ಅವಳನ್ನು ಕೂರಿಸಿ. ಅದು ಏನೆಂದು ನೀವು ಹೇಳಬೇಡಿ, ಅವಳೇ ಹೇಳಲಿ. ಹೆಸರು ದುರುಗಮ್ಮನಿಂದ ನನಗೆ ಗೊತ್ತಾಗಿದೆ, ಆದರೆ ನಾನು ಇಲ್ಲಿ ಬರೆದರೆ ನಡೆಯದು, ಅದು ಅವಳ ಬಾಯಿಂದಲೇ ಬರಬೇಕು. "ನನ್ನ ಹೆಸರು ತಗಂಡು ಏನ್ ಮಾಡ್ತೀರಿ ಬಿಡಿ ಸ್ವಾಮಿ" ಎನ್ನುತ್ತಾಳೆ.

ಬಿಡಬೇಡಿ. ಇನ್ನೊಮ್ಮೆ ಕೇಳಿ.