ಹದಿನೇಳನೆಯ ಡಬ್ಬಿ

ಮೈಸೂರು
19 ಆಗಸ್ಟ್ 2025, ಮಂಗಳವಾರ

ಪ್ರೀತಿಯ ರಾಧಕ್ಕ,

ನೀನೂ ಭಾವನೂ ಮಕ್ಕಳೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಐದು ದಿನದಿಂದ ನಿನ್ನ ಫೋನ್ ಎತ್ತಿಲ್ಲ, ಬೈದುಕೊಂಡಿರುತ್ತೀಯ. ಬೈದುಕೊ. ಫೋನಿನಲ್ಲಾದರೆ ಇದನ್ನೆಲ್ಲ ಬಾಯಿಬಿಟ್ಟು ಹೇಳಬೇಕು, ನನ್ನಿಂದಾಗದು. ಅದಕ್ಕೇ ಬರೆದು, ಅವ್ವನನ್ನು ನೋಡಲು ಬಂದಿದ್ದ ದಾಸಯ್ಯಮಾವನ ಕೈಲಿ ಕಂಪಲಾಪುರಕ್ಕೆ ಕಳಿಸುತ್ತಿದ್ದೇನೆ. ಓದಿದ ಕೂಡಲೇ ಬಸ್ಸು ಹತ್ತು.

ಅವ್ವ ಇಲ್ಲಿ ಆಸ್ಪತ್ರೆಯಲ್ಲಿದ್ದಾಳೆ. ಕರುಳಿನಲ್ಲಿ ಗಡ್ಡೆಯಾಗಿ ದಾರಿ ಮುಚ್ಚುತ್ತಾ ಬಂದಿದೆ. ಶುಕ್ರವಾರ ಆಪರೇಷನ್ ಆಗಬೇಕು, ಆಗದಿದ್ದರೆ ಹೆಚ್ಚು ದಿನವಿಲ್ಲ ಎಂದು ಡಾಕ್ಟರ್ ರುದ್ರಸ್ವಾಮಿ ನೇರವಾಗಿಯೇ ಹೇಳಿದರು. ಅವ್ವ ಒಪ್ಪುತ್ತಿಲ್ಲ.

ನನ್ನ ಕೆಲಸ ನಿನಗೆ ಗೊತ್ತಲ್ಲ. ಹೊಟ್ಟೆಯೊಳಗೂ ನಮ್ಮ ಕಾಡಂಚಿನ ಊರಿನಂಥ ಒಂದು ಹಾಡಿಯಿದೆ, ಅಲ್ಲಿನ ಬ್ಯಾಕ್ಟೀರಿಯಾಗಳು ನೆಟ್ಟಗಿದ್ದರೆ ನಾವೂ ನೆಟ್ಟಗಿರುತ್ತೇವೆ ಎಂದಾಗ ನೀನು ಬಿದ್ದು ಬಿದ್ದು ನಕ್ಕಿದ್ದೆ. ಕಾಡಿನ ಗೆಣಸು, ಸೊಪ್ಪು ತಿಂದು ಬೆಳೆದವರು ಈಗ ರೇಷನ್ ಅಕ್ಕಿಗೆ ಬಿದ್ದಮೇಲೆ ಅವು ಹೇಗಾಗಿವೆ ಎಂದು ನೋಡಲು ಮಾರ್ಚ್‌ನಲ್ಲಿ ನಮ್ಮ ಹಾಡಿಯ ಮೂವತ್ತು ಜನರಿಗೆ ಡಬ್ಬಿ ಹಂಚಿದೆ. ಬೆಳಿಗ್ಗೆ ಎದ್ದು ಅದರಲ್ಲಿ ಮಲ ಹಾಕಿ ಕೊಡಬೇಕು. ಅವ್ವನದು ಹದಿನೇಳನೆಯ ಡಬ್ಬಿ. ಕಣ್ಣಿಗೆ ಕಾಣದ ರಕ್ತವೇನಾದರೂ ಹೋಗುತ್ತಿದೆಯೇ ಎಂದೂ ಪರೀಕ್ಷೆ ಮಾಡಿಸಿದ್ದೆವು. ಹದಿನೇಳರಲ್ಲಿ ಏನೂ ಇರಲಿಲ್ಲ.

ಮೇ ತಿಂಗಳಲ್ಲಿ ಅವ್ವ ಹೊಟ್ಟೆನೋವು ಎಂದಳು. ನಾನು ರಿಪೋರ್ಟು ಮುಂದೆ ಹಿಡಿದು, ನಿನ್ನ ಹೊಟ್ಟೆ ನನ್ನದಕ್ಕಿಂತ ಚೆನ್ನಾಗಿದೆ, ಎಲೆ ಅಡಿಕೆ ಕಮ್ಮಿ ಮಾಡು ಎಂದು ಗದರಿಸಿದೆ. ಅವಳು ಓದಲು ಬಾರದ ಆ ಕಾಗದವನ್ನು ಸ್ವಲ್ಪ ಹೊತ್ತು ನೋಡಿ ಮಡಚಿ ನನ್ನ ಕೈಗೇ ಕೊಟ್ಟಳು.

ಕಳೆದ ವಾರ ಲ್ಯಾಬಿನ ಕಿರಣ್‌ಕುಮಾರ್, ಹದಿನೇಳೂ ಇಪ್ಪತ್ಮೂರೂ ಒಬ್ಬರದೇ ಎಂದರು. ತಾಯಿ ಮಗಳ ಹೊಟ್ಟೆಯಲ್ಲೂ ಬ್ಯಾಕ್ಟೀರಿಯಾ ಅಷ್ಟು ಹೋಲುವುದಿಲ್ಲ ರಾಧಕ್ಕ. ನೀವೇ ಬೆರೆಸಿರಬೇಕು ಎಂದು ಆ ಪಾಪದವರ ಮೇಲೆ ಕೂಗಾಡಿದೆ. ಆಮೇಲೆ ಹನಗೋಡಿನಲ್ಲಿ ಬಸ್ಸಿಳಿದು ಹಾಡಿಗೆ ನಡೆದು, ಇಪ್ಪತ್ಮೂರನೆಯ ಡಬ್ಬಿಯವಳನ್ನು, ಅಂದರೆ ನಮ್ಮ ಪಕ್ಕದ ಮನೆಯ ಮರಮ್ಮನನ್ನು ಕೇಳಿದೆ.

"ನಿಮ್ಮವ್ವ ಬರೀ ಡಬ್ಬಿ ತಂದು ಮಡುಗಿದ್ಲು ಕಣವ್ವ" ಎಂದಳು. "ಎರಡ್ಕೂ ನಿಂದೇ ಆಕ್ಬುಡು ಮರಮ್ಮ, ಓದಿರೋ ಮಗಳ ಕೈಗೆ ನನ್ ಹೊಲಸ ಎಂಗ್ ಕೊಡ್ಲಿ ಅಂದ್ಲು. ನಾನೇನ್ ಕಂಡೆ, ಆಕ್ಕೊಟ್ಟೆ."

ನಮ್ಮ ಮನೆಯೊಳಗೆ ಅವ್ವ ಒಲೆಯ ಮುಂದೆ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಮಾರ್ಚ್‌ಗೂ ಮೊದಲಿನಿಂದಲೇ ರಕ್ತ ಹೋಗುತ್ತಿತ್ತಂತೆ. ಯಾಕೆ ಹೇಳಲಿಲ್ಲ ಎಂದರೆ, "ನಿನ್ ಕಾಗ್ದದಾಗೆ ಎಲ್ಲಾ ಸರಿ ಅದೆ ಅಂತಿದ್ದಲ್ಲ. ಸುಳ್ಳು ಅಂದ್ರೆ ನಿನ್ ಕೆಲ್ಸಕ್ಕೆ ಕುತ್ತು ಬಂದಾತು ಅಂತ ಸುಮ್ಕಿದ್ದೆ" ಎಂದಳು. ಅವತ್ತೇ ಇಲ್ಲಿಗೆ ಕರೆತಂದೆ. ಬೇಸಿಗೆಯಲ್ಲೇ ಕರೆತಂದಿದ್ದರೆ ಸಣ್ಣದರಲ್ಲಿ ಮುಗಿಯುತ್ತಿತ್ತು ಎಂದು ಡಾಕ್ಟರ್ ಹೇಳಿದಾಗ ನಾನು ನಿಂತಲ್ಲೇ ಸತ್ತೆ.

ಆಪರೇಷನ್ ಆದಮೇಲೆ ಹೊಟ್ಟೆಗೆ ಒಂದು ಚೀಲ ಅಂಟಿಸುತ್ತಾರೆ. ಮಲ ಅದರೊಳಗೆ ಬರುತ್ತದೆ, ದಿನಾ ಯಾರಾದರೂ ತೆಗೆದು ಶುಚಿ ಮಾಡಬೇಕು. ಅದನ್ನು ಕೇಳಿದ್ದೇ ಅವ್ವ ಗೋಡೆಯ ಕಡೆ ತಿರುಗಿಬಿಟ್ಟಳು. "ಬ್ಯಾಡ ಬುಡು, ಇಂಗೇ ಓಯ್ತೀನಿ." ನಾನು ಮಾಡುತ್ತೇನೆ ಎಂದರೆ ಕಿವಿ ಮುಚ್ಚಿಕೊಳ್ಳುತ್ತಾಳೆ. ಮಧ್ಯಾಹ್ನ ನಾನು ಬುತ್ತಿ ಬಿಚ್ಚಿದರೆ ಸಾಕು, "ಆಚೆ ಓಗಿ ಉಣ್ಣು" ಎಂದು ಅಟ್ಟುತ್ತಾಳೆ. ವರಾಂಡದಲ್ಲಿ ಎರಡು ತುತ್ತು ನುಂಗಿ ಬರುತ್ತೇನೆ.

ಗುರುವಾರ ಸಂಜೆಯೊಳಗೆ ಅವಳು ಹೆಬ್ಬೆಟ್ಟು ಒತ್ತಬೇಕು. ಹಾಸಿಗೆ ಹಿಡಿದ ಅತ್ತೆಯನ್ನು ಮೂರು ವರ್ಷ ತೊಳೆದವಳು ನೀನು. ನನ್ನ ರಾಧಿ ಒಂದು ದಿನವೂ ಮೂಗು ಮುಚ್ಚಲಿಲ್ಲ ಎಂದು ಅವ್ವ ಹಾಡಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದಾಳೆ. ಇದರಲ್ಲಿ ಹೇಸುವಂಥದ್ದೇನೂ ಇಲ್ಲ ಎಂದು ನೀನು ಹೇಳಿದರೆ ನಂಬಿಯಾಳು. ನನಗೆ ಬೇರೆ ದಾರಿ ಕಾಣುತ್ತಿಲ್ಲ. ಇಷ್ಟು ವರ್ಷ ಓದಿದ್ದು ಹೆತ್ತವಳ ಹೊಟ್ಟೆಗೇ ಉಪಯೋಗಕ್ಕೆ ಬರಲಿಲ್ಲ.

ಮಕ್ಕಳು ನೂರು ಕಾಲ ಸುಖವಾಗಿರಲಿ. ನೀನು ಬೇಗ ಬಾ.

ನಿನ್ನ ತಂಗಿ,
ಚಂದ್ರಿಕಾ

ತಾ.ಕ.: ಅವ್ವ ಹೆತ್ತ ಮಗಳ ಹತ್ತಿರ ಯಾಕೆ ಅಷ್ಟು ನಾಚಿಕೊಂಡಳು ಎಂದು ನೀನು ಕೇಳಿಯೇ ಕೇಳುತ್ತೀಯ. ಡಬ್ಬಿ ಹಂಚುವ ಹಿಂದಿನ ದಿನ ಮನೆಯಲ್ಲಿ ಊಟಕ್ಕೆ ಕೂತಿದ್ದೆ, ಗೆಳತಿಯ ಫೋನ್ ಬಂತು. ನಾಳೆಯಿಂದ ಈ ಜನರ ಹೊಲಸು ಹೊರಬೇಕು, ಒಂದು ವಾರ ಅನ್ನ ಸೇರಲ್ಲ ಕಣೆ ಎಂದು ನಕ್ಕೆ. ಅವ್ವ ಮುದ್ದೆಗೆ ಸಾರು ಬಿಡುತ್ತಿದ್ದಳು. ಅಂದದ್ದು ನನಗೆ ಮರೆತೇ ಹೋಗಿತ್ತು. ಇವತ್ತು ಮಧ್ಯಾಹ್ನ ಆಸ್ಪತ್ರೆಯಲ್ಲಿ ಬುತ್ತಿ ಬಿಚ್ಚಿ, ಆಚೆ ಹೋಗುವುದಿಲ್ಲ, ನಿನ್ನ ಪಕ್ಕದಲ್ಲೇ ಉಣ್ಣುತ್ತೇನೆ ಎಂದು ಹಟ ಹಿಡಿದು ಕೂತೆ. ಅವ್ವ ಹೊದಿಕೆಯನ್ನು ಸೊಂಟದ ಸುತ್ತ ಬಿಗಿಯಾಗಿ ಸಿಕ್ಕಿಸಿಕೊಂಡು ಹೇಳಿದಳು: "ನನ್ ತಾವ ನಾತ ಬತ್ತದೆ ಕಣ್ಮಗ. ನಿಂಗೆ ಅನ್ನ ಸೇರಾಕಿಲ್ಲ."