ಕಿಟಕಿಯ ಬಿಳಿ ಸೀರೆ

ಅಲ್ಲಾಳಸಂದ್ರ, ಶುಕ್ರವಾರ

ಪೂಜ್ಯ ಪಾದ್ರಿ ಅಯ್ಯನವರಿಗೆ ಎಸ್ತರಮ್ಮನ ವಂದನೆ.

ಗಂಟಲು ಕೆಟ್ಟಿದೆಯೆಂದು ಆರು ವರ್ಷದ ಹಿಂದೆ ಚರ್ಚಿನ ಕ್ವಯರ್‌ನಲ್ಲಿ ಹಾಡುವುದನ್ನು ಬಿಟ್ಟೆನಲ್ಲ, ಅದು ಸುಳ್ಳು. ನಮ್ಮ ಯಜಮಾನರನ್ನು ಮಣ್ಣು ಮಾಡಿದ ಮೇಲೆ ದೇವರ ಮೇಲೆ ಮುನಿಸಿತ್ತು. ಆರಾಧನೆಗೆ ಬಂದರೂ ಬಾಯಿ ತೆರೆಯಲಿಲ್ಲ.

ನಿನ್ನೆ ಪಕ್ಕದ ಮನೆಯ ಸೊಣ್ಣಮ್ಮಜ್ಜಿ ಜ್ವರದಲ್ಲಿ ನನ್ನ ಕೈ ಹಿಡಿದು, "ಬಟ್ಟೆ ಒಗೀತಾ ಆಗೆಲ್ಲ ಹಾಡ್ತಿದ್ಯಲ್ಲ, ಅದ್ನ ಹಾಡೇ. ನಿಮ್ ದೇವ್ರಾದ್ರೂ ನಿದ್ದೆ ಕೊಡ್ಲಿ" ಎಂದರು. ಹಾಡಿದೆ. ಅಜ್ಜಿಗೆ ನಿದ್ದೆ ಬಂತು. ಆಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಹಾಲು ಎರಡು ಸಲ ಉಕ್ಕಿತು.

ಭಾನುವಾರ ಕ್ವಯರ್‌ನಲ್ಲಿ ನಿಲ್ಲಬೇಕು ಅಯ್ಯನವರೇ. ಆದರೆ ಕ್ವಯರ್‌ನ ಬಿಳಿ ಸೀರೆಯನ್ನು ಹಾಡು ಬಿಟ್ಟಾಗಲೇ ಎರಡು ತುಂಡು ಮಾಡಿ ಕಿಟಕಿಗೆ ಪರದೆ ಕಟ್ಟಿಬಿಟ್ಟೆ. ಬಣ್ಣದ ಸೀರೆಯಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲಬಹುದೇ? ಆಗದೆಂದರೆ ನಾಳೆಯೇ ತಿಳಿಸಿ. ಪರದೆ ಬಿಚ್ಚಿ, ಒಗೆದು, ಹೊಲಿದುಕೊಂಡಾದರೂ ಬರುತ್ತೇನೆ.

ನಿಮ್ಮ ಸಭೆಯವಳೇ ಆದ
ಎಸ್ತರಮ್ಮ