ಹಣೆಬಿಲ್ಲೆಗೆ ಹಾಕಿದ ಬಣ್ಣ

ಸೆಪ್ಟೆಂಬರ್ 4, ಬೆಳಿಗ್ಗೆ

ಬೆಳ್ಳಿ ಒಡವೆಗೆ ತುಂಬಿ ಸುಡುವ ಹಸಿರು ಗಾಜಿನ ಪುಡಿ ಮುಗಿಯುತ್ತಾ ಬಂತು. ನೀಲಿ ಇದೆ. ತೀಜಿ ಊಜು ಪಟ್ಟಣದಿಂದ ಬರುವಾಗ ತಾ ಎಂದು ಗಂಡ ಅಕ್ಲಿಗೆ ಹೇಳಬೇಕು... ಫೋನ್ ಎತ್ತಿದರೆ ತಾನೆ. ಅವನಿಗೆ ಅಲ್ಲಿನ ಅಂಗಡಿಯೇ ಮನೆಯಾಗಿದೆ.

ಮಾವ ಏನನ್ನೋ ಬಟ್ಟೆಯಡಿ ಮುಚ್ಚಿಟ್ಟರು. ಎಳೆದು ನೋಡಿದರೆ ಹಣೆಬಿಲ್ಲೆ! ಅಂಗೈಯಗಲ. ಬೆಳ್ಳಿ ತಂತಿಯ ಪುಟ್ಟ ಪುಟ್ಟ ಮನೆಗಳನ್ನು ಬೆಸೆದಾಗಿದೆ, ಬಣ್ಣ ತುಂಬುವುದಷ್ಟೇ ಬಾಕಿ.

"ಯಾರಿಗೆ ಮಾವ?"

"ಮನೆಯವ್ರಿಗೇ," ಅಂದರು. ಮುಖ ಎತ್ತಲಿಲ್ಲ.

ಮನೆಯಲ್ಲಿ ಬಸುರಿ ನಾನೊಬ್ಬಳೇ. ಗಂಡು ಹೆತ್ತವಳ ಹಣೆಗೇ ಅದು ಏರುವುದು. ಎರಡು ಹೆಣ್ಣು ಹೆತ್ತ ನನ್ನ ಹಣೆ ಇನ್ನೂ ಬರಿದು. ಐದು ತಿಂಗಳಿಗೇ ಮುದುಕನಿಗೆ ಇಷ್ಟು ಭರವಸೆಯೇ! ಕಣ್ಣು ತುಂಬಿ ಬಂತು.

ಸೆಪ್ಟೆಂಬರ್ 7

ಬಣ್ಣ ಮುಗಿಯಿತು. ಮಾವನ ಕಣ್ಣು ಮಂಜಾದ ಮೇಲೆ ಇದು ನನ್ನದೇ ಕೆಲಸ. ದೊಡ್ಡವಳು ತಾವುಸ್ ಹಟ ಹಿಡಿದಳೆಂದು ಅಂಚಿನ ಒಂದು ಮನೆಗೆ ಹಸಿರಿನ ಬದಲು ಹಳದಿ ತುಂಬಿದೆ. ಬೆಂಕಿಯಲ್ಲಿ ಕಪ್ಪಾಗದೆ ಬಂತು, ಪುಣ್ಯ. ಸಂಜೆ ಮಾವ ಹವಳ ಕೂರಿಸಿದರು.

ಅತ್ತೆ ಇಣುಕಿದರು. "ಏನೇ ಘನೀಮಾ, ನಿನ್ನಷ್ಟಕ್ಕೇ ನಗ್ತಿದ್ದೀಯಾ? ಬಸುರಲ್ಲಿ ತಲೆ ಗಿಲೆ ಕೆಡ್ತಾ?"

ಸೆಪ್ಟೆಂಬರ್ 12

ಬಿಲ್ಲೆ ಜಾಗದಲ್ಲಿಲ್ಲ. ದೃಷ್ಟಿಯಾದೀತೆಂದು ಮಾವ ಎತ್ತಿಟ್ಟಿರಬೇಕು. ಕೇಳಲಿಲ್ಲ.

ನವೆಂಬರ್ 20

ಅಕ್ಷರ ನೆಟ್ಟಗೆ ಬೀಳುತ್ತಿಲ್ಲ.

ಮಾವ ಸಂತೆಗೆ ಹೋಗಿದ್ದರು, ಅವರ ಅಂಗಡಿಯಲ್ಲಿ ನಾನೊಬ್ಬಳೇ. ಹೆಂಗಸೊಬ್ಬಳು ಬಂದಳು, ಮಗುವನ್ನೆತ್ತಿಕೊಂಡು, ಬೆವರು ಒರೆಸುತ್ತ. ಚೀಲದಿಂದ ಹಣೆಬಿಲ್ಲೆ ತೆಗೆದಳು.

"ಅಕ್ಕಾ, ನಡುವಿನ ಹವಳ ಬಿದ್ದೋಯ್ತು. ನಾಳೆ ತಂಗಿ ಮದುವೆ. ಇಲ್ಲೇ ಮಾಡಿದ್ದಂತೆ, ಮಾಡಿದ ಕೈಯೇ ಕೂರಿಸ್ಲಿ ಅಂತ ಬಸ್ ಹತ್ತಿ ಬಂದೆ. ನಮ್ಮೆಜಮಾನ್ರಿಗೆ ಹೇಳ್ಬೇಡಿ ಮತ್ತೆ, ಊರ ಕಡೆ ಹೋಗ್ಬೇಡ ಅಂದಿದ್ರು."

ಅಂಚಿನಲ್ಲಿ ಹಳದಿ ಮನೆ. ನಾನು ತುಂಬಿದ್ದು.

"ಯಜಮಾನ್ರು ಯಾರು?" ಬಾಯಿ ತಾನಾಗಿ ಕೇಳಿತು.

"ಅಕ್ಲಿ. ಈ ಅಂಗಡಿಯವ್ರ ಮಗಾನೇ. ಮೊದಲ್ನೇ ಹೆಂಡ್ತೀನ ಬಿಟ್ಟು ಮೂರು ವರ್ಷ ಆಯ್ತಂತೆ, ಪಾಪ."

ಪಾಪ!

ನನ್ನ ಹೊಟ್ಟೆ ಕೆಲಸದ ಮೇಜಿನ ಹಿಂದಿತ್ತು. ಅವಳಿಗೆ ಕಾಣಲಿಲ್ಲ. ಕಿರುಚಬೇಕಿತ್ತು. ಜುಟ್ಟು ಹಿಡಿಯಬೇಕಿತ್ತು. ನಾನು ಮಾಡಿದ್ದೇನು? ಅರಗು ಕಾಯಿಸಿದೆ. ಹವಳ ಕೂರಿಸಿ ಒತ್ತಿ ಹಿಡಿದೆ. ಮಗು ನನ್ನನ್ನೇ ನೋಡಿ ನಕ್ಕಿತು. ಅಕ್ಲಿಯದೇ ಗಲ್ಲ. "ಒಳ್ಳೇದಾಗ್ಲಿ ಅಕ್ಕಾ," ಎಂದು ಹರಸಿ ಹೋದಳು. ಅವಳಿಗೇನೂ ಗೊತ್ತಿಲ್ಲ.

ನವೆಂಬರ್ 21

"ಗೊತ್ತಿತ್ತಾ ಮಾವ?"

ಒರೆಸಿದ ಚಿಮಟವನ್ನೇ ಮತ್ತೆ ಒರೆಸಿದರು. "ಮೊಮ್ಮಗ ಹುಟ್ತಾನೆ, ಸ್ಕ್ಯಾನ್ ಆಗಿದೆ ಅಂದ ಅಕ್ಲಿ. ನಾನೇನ್ ಮಾಡ್ಲಿ ಮಗಳೇ."

"ಬಣ್ಣ ನನ್ ಕೈಲೇ ಹಾಕಿಸ್ಬೇಕಿತ್ತಾ?"

"ನಿನ್ನಷ್ಟು ಚೆನ್ನಾಗಿ ಇನ್ಯಾರ್ ಹಾಕ್ತಾರೆ?"

ಹೊಗಳಿಕೆಯೆಂದೇ ಹೇಳಿದರು! ಇನ್ನೂ ಮೈ ಉರಿಯುತ್ತಿದೆ.

ಅತ್ತೆಗೂ ಗೊತ್ತಿತ್ತು. "ಬಾಯ್ಮುಚ್ಕೊಂಡು ಒಂದು ಗಂಡು ಹೆರು. ಎಲ್ಲಾ ಸರಿಹೋಗುತ್ತೆ," ಅಂದರು, ರೊಟ್ಟಿ ತಿರುವುತ್ತಾ.

ನವೆಂಬರ್ 27, ಮಧ್ಯಾಹ್ನ

ಐದು ದಿನ ಏನೂ ಬರೆಯಲಾಗಲಿಲ್ಲ. ಊಟ ಸೇರುತ್ತಿಲ್ಲ. ಅಕ್ಲಿ ಇವತ್ತು ಬರುತ್ತಾನಂತೆ.

ಬೆಳಿಗ್ಗೆ ಮಾವ ಇನ್ನೊಂದು ಬಿಲ್ಲೆ ಮುಂದಿಟ್ಟರು. ಅದಕ್ಕಿಂತ ದೊಡ್ಡದು. "ಇದು ನಿಂದು. ಬಣ್ಣ ತುಂಬ್ಕೋ."

"ಹೆಣ್ಣಾದ್ರೆ?"

ಮಾವ ಬಣ್ಣದ ಬಟ್ಟಲನ್ನು ನನ್ನತ್ತ ಸರಿಸಿದರು.

ಬೆಸೆಯುವ ಗ್ಯಾಸ್ ಟಾರ್ಚ್ ಹೊತ್ತಿಸಿದೆ. ಬಿಲ್ಲೆಯನ್ನು ಬೆಳ್ಳಿ ಕರಗಿಸುವ ಮೂಸೆಗೆ ಹಾಕಿದೆ. ಮೊದಲು ತಂತಿಗಳು ಕುಸಿದವು, ಆಮೇಲೆ ಅಂಚು, ಕೊನೆಗೆ ಎಲ್ಲ ಸೇರಿ ಹೊಳೆಯುವ ಒಂದು ಗುಂಡು.

"ಅಯ್ಯೋ, ಹಗಲಿರುಳು ಕೂತು ಮಾಡಿದ್ದು ಕಣೇ!" ಅಂದರು ಮಾವ. ಆದರೆ ಕೈ ಹಿಡಿದು ತಡೆಯಲಿಲ್ಲ.

"ನಂದು ಅಂದ್ರಲ್ಲ ಮಾವ. ನಂದನ್ನ ನಾನು ಕರಗಿಸ್ದೆ."

ಬಳೆ ಮಾಡುತ್ತೇನೆ. ತಾವುಸಳ ಕೈ ಅಳೆದೆ, ಚಿಕ್ಕವಳದನ್ನೂ. ಹೊಟ್ಟೆಯಲ್ಲಿರುವುದಕ್ಕೂ ಒಂದು ಪಾಲು ಎತ್ತಿಟ್ಟೆ, ಗಂಡಾಗಲಿ ಹೆಣ್ಣಾಗಲಿ.

ಅಂಗಳದಲ್ಲಿ ಅಕ್ಲಿಯ ದನಿ. ಕಾಫಿ ಕೇಳುತ್ತಿದ್ದಾನೆ, ಏನೂ ಆಗಿಲ್ಲವೆಂಬ ಹಾಗೆ! ಅತ್ತೆ ಅವನ ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಿದ್ದಾರೆ. ಇತ್ತಲೇ ಬರುತ್ತಿದ್ದಾನೆ. ಅಳುವುದಿಲ್ಲ. ಮೊದಲು ಅವನ ಮಗನ ಹೆಸರೇನೆಂದು ಕೇಳುತ್ತೇನೆ. ಆಮೇಲೆ, ಮೂರು ವರ್ಷದ ಹಿಂದೆಯೇ ಬಿಟ್ಟ ಹೆಂಡತಿಯ ಬಳಿ ಅವನಿಗೇನು ಕೆಲಸವೆಂದು.